ನಾಲ್ಕರಲ್ಲಿ ಮೂರು ಕಾಣೆ

ಮೇ 5, 2009, ಮಂಗಳವಾರ

ಹೊಸ ಕಂಪ್ಯೂಟರ್ ಬಂತು. ಪರಮಶಿವಯ್ಯನವರೇ ಉಪ್ಪಾರಪೇಟೆಯಿಂದ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ಮುಂದಿನ ಕೋಣೆಯಲ್ಲಿ ಜೋಡಿಸಿ, ಕಾಫಿ ಕುಡಿದು ಹೋದರು. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವರು. ಈಗ ಬಿಡಿಭಾಗಗಳನ್ನು ತಂದು ಕಂಪ್ಯೂಟರ್ ಕಟ್ಟಿಕೊಡುತ್ತಾರೆ. ನಮ್ಮ ಯಜಮಾನರಿಗೆ ಬಹಳ ವರ್ಷದ ಪರಿಚಯ.

ಇವರು ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ. ಬೆನ್ನಿನ ಆಪರೇಷನ್ ಆಗಿ ಹನ್ನೆರಡು ದಿನ. ಆರು ವಾರ ಏಳುವ ಹಾಗಿಲ್ಲ, ಕೂರುವ ಹಾಗಂತೂ ಇಲ್ಲವೇ ಇಲ್ಲ. ಈಶ್ವರ್ ವಿಡಿಯೋಸ್‌ನ ಈಶ್ವರ್ ಮಲಗಿದ ಮೇಲೆ ಉಳಿದವಳು ನಾನು. ಹದಿನೆಂಟು ವರ್ಷ ನಾನು ಫೋನ್ ಎತ್ತಿದ್ದೇನೆ, ಮದುವೆ ಕ್ಯಾಸೆಟ್ಟುಗಳ ಮೇಲೆ ಹುಡುಗ ಹುಡುಗಿಯ ಹೆಸರು ಬರೆದಿದ್ದೇನೆ, ಛತ್ರಗಳಲ್ಲಿ ಲೈಟ್ ಹಿಡಿದಿದ್ದೇನೆ. ಎಡಿಟಿಂಗ್ ಕಲಿತದ್ದು ಈಚೆಗೆ, ಅದೂ ಇವರು ಹಿಂದೆ ನಿಂತು ಹೇಳಿದಷ್ಟು.

ಆದರೆ ಬಸವನಗುಡಿಯ ಅಂಬುಜಮ್ಮನವರ ಫಿಲ್ಮು ಪೂರ್ತಿ ನಾನೇ ತೆಗೆದದ್ದು. ಅವರ ಹೊಲಿಗೆ ಶಾಲೆಗೆ ಈ ವರ್ಷ ಐವತ್ತು. ಕಲಿತವರೆಲ್ಲ ಸೇರಿ ಮೂವತ್ತೊಂದನೇ ತಾರೀಖು ಛತ್ರದಲ್ಲಿ ಸಮಾರಂಭ ಇಟ್ಟುಕೊಂಡಿದ್ದಾರೆ, ಅಲ್ಲಿ ತೋರಿಸಲು ಒಂದು ಗಂಟೆಯ ಫಿಲ್ಮು. ಮಾರ್ಚಿನಲ್ಲಿ ಇವರಿಗೆ ಕ್ಯಾಮೆರಾ ಎತ್ತಲಾಗದೆ ನಾನು ಹೋದೆ. ನಲವತ್ತೊಂದು ಹೆಂಗಸರ ಮನೆಗೆ. ಒಬ್ಬರೂ ಕಾಫಿ ಕೊಡದೆ ಕಳಿಸಲಿಲ್ಲ.

ಹಳೆಯ ಕಂಪ್ಯೂಟರಿನ ಬೋರ್ಡ್ ಕಳೆದ ತಿಂಗಳು ಸುಟ್ಟುಹೋಗಿ ಎಲ್ಲ ನಿಂತಿತ್ತು. ಈ ಹೊಸದರೊಳಗೆ ನಾಲ್ಕು ಕೋರ್ ಇವೆಯಂತೆ. "ಒಬ್ರು ಮಾಡೋ ಕೆಲಸಾನ ನಾಲ್ಕು ಜನ ಹಂಚ್ಕೊಂಡ ಹಾಗೆ ಅಮ್ಮಾ" ಎಂದರು ಪರಮಶಿವಯ್ಯ. ಆನ್ ಮಾಡಿದರೆ ಹಳೆಯದರಲ್ಲಿದ್ದ ಶಿವಗಂಗೆ ಬೆಟ್ಟದ ಚಿತ್ರವೇ ಬಂತು. ಎಲ್ಲವೂ ಅಲ್ಲಲ್ಲೇ ಇದೆ. ಹಾಯೆನಿಸಿತು.

ಮೇ 10, ಭಾನುವಾರ

ಎಡಿಟಿಂಗ್ ಮುಗಿಯಿತು. ತುಣುಕುಗಳನ್ನೆಲ್ಲ ಹೆಣೆದು ಕಂಪ್ಯೂಟರ್ ಒಂದೇ ಫಿಲ್ಮು ಮಾಡಿಕೊಡುವುದಕ್ಕೆ ರೆಂಡರ್ ಎನ್ನುತ್ತಾರೆ. ಹಳೆಯದರಲ್ಲಾದರೆ ಹದಿನೈದು ಗಂಟೆ ಹಿಡಿಯುತ್ತಿತ್ತು. ಹೊಸದರಲ್ಲಿ ನಾಲ್ಕು ಗಂಟೆ ಸಾಕು ಎಂದು ಪರಮಶಿವಯ್ಯ ಹೇಳಿದ್ದರು. ತೋರಿಸಿದ್ದು ಹನ್ನೊಂದು ಗಂಟೆ ನಲವತ್ತು ನಿಮಿಷ.

ತೊಂದರೆ ಏನೆಂದರೆ ಕರೆಂಟು. ಈ ಬೇಸಿಗೆಯಲ್ಲಿ ನಮ್ಮ ಚಾಮರಾಜಪೇಟೆಯ ಈ ಭಾಗಕ್ಕೆ ಬೆಳಗ್ಗೆ ಆರರಿಂದ ಎಂಟು ಇಲ್ಲ, ಮಧ್ಯಾಹ್ನ ಎರಡರಿಂದ ಮೂರು ಇಲ್ಲ, ಸಂಜೆ ಆರೂವರೆಯಿಂದ ಎಂಟು ಇಲ್ಲ. ಒಟ್ಟಿಗೆ ಸಿಗುವುದು ಹೆಚ್ಚೆಂದರೆ ಹತ್ತು ಗಂಟೆ, ರಾತ್ರಿ ಎಂಟರಿಂದ ಬೆಳಗ್ಗೆ ಆರು. ಯುಪಿಎಸ್ ಇಪ್ಪತ್ತು ನಿಮಿಷ ಎಳೆಯುತ್ತದೆ. ನಿನ್ನೆ ಎಂಟಕ್ಕೆ ಶುರು ಮಾಡಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದಾಗ ಯುಪಿಎಸ್ ಕೂಗುತ್ತಿತ್ತು, ಪರದೆಯ ಮೇಲೆ ನೂರಕ್ಕೆ ಎಂಬತ್ತೆಂಟು ಎಂದಿತ್ತು. ಎದುರಿಗೆ ನಿಂತು ನೋಡುತ್ತಿದ್ದ ಹಾಗೆಯೇ ಆರಿಹೋಯಿತು. ಮತ್ತೆ ಮೊದಲಿನಿಂದ.

ತುಂಡು ತುಂಡಾಗಿ ಮಾಡಿ ಆಮೇಲೆ ಅಂಟಿಸು ಎಂದರು ಇವರು. ಅದನ್ನೂ ಮಾಡಿದೆ. ಅಂಟಿಸಿದ ಜಾಗದಲ್ಲೆಲ್ಲ ಮಾತು ಎಗರುತ್ತದೆ. "ನಾನು ಅಂಬುಜಮ್ಮನವರ ಹತ್ತಿರ ಕಲಿತದ್ದು" ಎನ್ನುವ ಕಡೆ "ನಾನು ಅಂಬು ಕಲಿತದ್ದು" ಎಂದಾಗಿದೆ. ಇಬ್ಬರೂ ನಕ್ಕೆವು. ಇವರಿಗೆ ನಕ್ಕರೆ ಬೆನ್ನು ಎಳೆಯುತ್ತದೆ, ಆದರೂ ನಕ್ಕರು.

ಮೇ 12, ಮಂಗಳವಾರ

ಖಾಲಿ ಡಿವಿಡಿ ತರಲು ಪರಮಶಿವಯ್ಯನವರ ಅಂಗಡಿಗೆ ಹೋಗಿದ್ದೆ. ಅವರು ಒಳಗೆ ಹುಡುಕುತ್ತಿದ್ದಾಗ, ಬೇರೆ ಯಾರಿಗೋ ಕಟ್ಟಿಟ್ಟ ಕಂಪ್ಯೂಟರ್ ಮೇಜಿನ ಮೇಲೆ ಓಡುತ್ತಿತ್ತು. ಕೋರ್‌ಗಳು ಎಷ್ಟು ದುಡಿಯುತ್ತಿವೆ ಎಂದು ತೋರಿಸುವ ಕಿಟಕಿ ತೆರೆದಿತ್ತು. ಕಪ್ಪು ಚೌಕಗಳಲ್ಲಿ ಹಸಿರು ಗೆರೆ ಏರಿಳಿಯುತ್ತದಲ್ಲ, ಅದು. ಕೋರಿಗೊಂದರಂತೆ ನಾಲ್ಕು ಚೌಕ ಇದ್ದವು.

ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ನಮ್ಮದರಲ್ಲಿ ತೆರೆದೆ.

ಒಂದೇ ಚೌಕ.

ಮೇ 13, ಬುಧವಾರ

ಹನ್ನೊಂದಕ್ಕೆ ಉಪ್ಪಾರಪೇಟೆಗೆ ಹೋದೆ. ಇಬ್ಬರು ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ನಾನು ಕಾಯಲಿಲ್ಲ. ನಾಲ್ಕು ಎಂದು ಹೇಳಿ ಒಂದನ್ನು ಹಾಕಿ ಕೊಟ್ಟಿದ್ದೀರಿ, ಗಂಡಸು ಮಲಗಿದ್ದಾನೆ, ಹೆಂಗಸಿಗೆ ಏನು ತಿಳಿಯುತ್ತದೆ ಎಂದುಕೊಂಡಿರಾ ಎಂದು ಕೇಳಿಬಿಟ್ಟೆ. ಗಿರಾಕಿಗಳಲ್ಲಿ ಒಬ್ಬ ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

ಪರಮಶಿವಯ್ಯ ದನಿ ಏರಿಸಲಿಲ್ಲ. "ಕಂಪ್ಯೂಟರ್ ಪೆಟ್ಟಿಗೆ ತನ್ನಿ ಅಮ್ಮಾ, ನಿಮ್ಮೆದುರೇ ಬಿಚ್ತೀನಿ. ಅದಕ್ಕೆ ಮುಂಚೆ ಮನೇಲಿ ಯಜಮಾನ್ರನ್ನ ಒಂದ್ಮಾತು ಕೇಳಿ ನೋಡಿ" ಎಂದರು.

ಅದು ಇನ್ನೂ ಉರಿಸಿತು. ನಾನು ಎದುರಿಗೆ ನಿಂತು ಮಾತಾಡುತ್ತಿರುವಾಗ ಯಜಮಾನರನ್ನು ಕೇಳಬೇಕಂತೆ. ಬಂದು ಇವರಿಗೆ ಹೇಳಿದೆ. ಇವರು ಗೋಡೆಯ ಕಡೆ ನೋಡುತ್ತ "ಅವನು ಏನೇನೋ ಹೇಳ್ತಾನೆ ಬಿಡು" ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅಷ್ಟು ಜೋರಾಗಿ ಮಾತಾಡಬೇಕಿತ್ತಾ ಎಂದೂ ಕೇಳಿದರು.

ಮೇ 14, ಗುರುವಾರ

ಏನೂ ಮಾಡಲಿಲ್ಲ. ಮಲ್ಗೋಬ ಹಣ್ಣು ತಂದೆ. ಸಂಜೆ ಕರೆಂಟು ಹೋದಾಗ ಇವರ ಮಂಚದ ಪಕ್ಕ ಕೂತು ಇಬ್ಬರೂ ತಿಂದೆವು. ಮಲಗಿಕೊಂಡು ಮಾವಿನಹಣ್ಣು ತಿನ್ನುವುದನ್ನು ಇವರಿಂದ ಕಲಿಯಬೇಕು, ಒಂದು ಹನಿ ದಿಂಬಿನ ಮೇಲೆ ಬೀಳಲಿಲ್ಲ.

ಮೇ 17, ಭಾನುವಾರ

ಪೆಟ್ಟಿಗೆ ಹೊತ್ತುಕೊಂಡು ಅವರ ಅಂಗಡಿಗೆ ಹೋಗಲು ಮನಸ್ಸಾಗಲಿಲ್ಲ. ನಾನೇ ನೋಡೋಣ ಎನಿಸಿತು.

ಕಂಪ್ಯೂಟರ್ ಆನ್ ಆಗುವಾಗ, ಶಿವಗಂಗೆ ಬರುವ ಮೊದಲು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರ್ರನೆ ಬಂದು ಹೋಗುತ್ತವೆ. ನಾನು ಯಾವತ್ತೂ ಓದಿದ್ದಿಲ್ಲ. ಇವತ್ತು ಆ ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಗುಂಡಿ ಒತ್ತಿದೆ. ಮೂರು ಸಲ ತಪ್ಪಿತು, ನಾಲ್ಕನೇ ಸಲ ನಿಂತಿತು. ಸಾವಕಾಶವಾಗಿ ಓದಿದೆ. ಪ್ರೊಸೆಸರಿನ ಹೆಸರು ಇತ್ತು. ಅದರ ಮುಂದೆ, ಕೋರ್: ನಾಲ್ಕು.

ಎಂದರೆ ಪರಮಶಿವಯ್ಯ ಹಾಕಿದ್ದು ನಾಲ್ಕೇ. ಪೆಟ್ಟಿಗೆಗೆ ಗೊತ್ತು, ಒಳಗಿನ ವಿಂಡೋಸ್‌ಗೆ ಮಾತ್ರ ಗೊತ್ತಿಲ್ಲ.

ಪರದೆಯ ಮುಂದೆ ಬಹಳ ಹೊತ್ತು ಹಾಗೇ ಕೂತಿದ್ದೆ. ಅನ್ನ ತಳ ಹಿಡಿಯಿತು. ಆ ಇಬ್ಬರು ಗಿರಾಕಿಗಳು ಅವತ್ತು ಅಲ್ಲಿ ಏನಾದರೂ ಕೊಂಡರೋ ಇಲ್ಲವೋ.

ಮೇ 20, ಬುಧವಾರ

ನಮ್ಮ ರಸ್ತೆಯ ಕೊನೆಯ ಸೈಬರ್ ಕೆಫೆಯಲ್ಲಿ ಒಂದು ಗಂಟೆ ಕೂತು ಹುಡುಕಿದೆ. ಎಷ್ಟೊಂದು ಜನಕ್ಕೆ ಇದೇ ಕಾಟ! ಎಷ್ಟು ಕೋರ್ ಬಳಸಬೇಕು ಎಂದು ವಿಂಡೋಸ್‌ಗೆ ಹೇಳುವ ಒಂದು ಜಾಗವಿದೆಯಂತೆ, ಅಲ್ಲಿ ಯಾರಾದರೂ ತಪ್ಪಾಗಿ ಒಂದು ಎಂದು ಗುರುತು ಹಾಕಿದ್ದರೆ ಹೀಗಾಗುತ್ತದಂತೆ. ಮನೆಗೆ ಬಂದು ಆ ಜಾಗ ಹುಡುಕಿದೆ. ಯಾರೂ ಏನೂ ಗುರುತು ಹಾಕಿರಲಿಲ್ಲ. ನಾನೇ ನಾಲ್ಕು ಎಂದು ಹಾಕಲು ಹೋದರೆ ಪಟ್ಟಿಯಲ್ಲಿ ಒಂದು ಬಿಟ್ಟು ಬೇರೆ ಸಂಖ್ಯೆಯೇ ಇಲ್ಲ.

ಇವರನ್ನು ಕೇಳದೆ ಮಾಡಿದೆ ಎಂದು ಆಮೇಲೆ ನೆನಪಾಯಿತು. ನಿದ್ದೆ ಮಾಡುತ್ತಿದ್ದರು.

ಮೇ 22, ಶುಕ್ರವಾರ

ಇನ್ನು ಒಂಬತ್ತು ದಿನ. ಅಂಬುಜಮ್ಮನವರು ಫೋನ್ ಮಾಡಿ ಆಯ್ತಾ ಎಂದು ವಿಚಾರಿಸಿದರು. ಆಗುತ್ತಿದೆ ಎಂದೆ.

ಬೆಳಗ್ಗೆ ಮತ್ತೆ ಸೈಬರ್ ಕೆಫೆ. ಈ ಸಲ ಎರಡು ಹಾಳೆ ಪ್ರಿಂಟ್ ತೆಗೆದುಕೊಂಡು ಬಂದೆ. ವಿಂಡೋಸನ್ನು ಮೊದಲ ಸಲ ಹಾಕುವಾಗಲೇ ಅದು ಕಂಪ್ಯೂಟರಿನಲ್ಲಿ ಎಷ್ಟು ಕೋರ್ ಇವೆ ಎಂದು ಎಣಿಸಿಕೊಂಡು, ಅದಕ್ಕೆ ತಕ್ಕ ಹಾಗೆ ತನ್ನನ್ನು ಕಟ್ಟಿಕೊಳ್ಳುತ್ತದಂತೆ. ಒಂದೇ ಕೋರಿನಲ್ಲಿ ಹಾಕಿದ ವಿಂಡೋಸ್ ಇರುವ ಡಿಸ್ಕನ್ನು ಆಮೇಲೆ ಕಳಚಿ ನಾಲ್ಕು ಕೋರಿನ ಪೆಟ್ಟಿಗೆಗೆ ಹಾಕಿದರೂ ಒಂದೇ ಇದೆ ಎಂದುಕೊಂಡು ಒಂದರಲ್ಲೇ ದುಡಿಯುತ್ತಿರುತ್ತದೆ. ಅದನ್ನು ಎಲ್ಲಿ ನೋಡಿ ಕಂಡುಹಿಡಿಯುವುದು ಎಂದೂ ಬರೆದಿತ್ತು. ಹೋಗಿ ನೋಡಿದೆ. ಡಿವೈಸ್‌ಗಳ ಪಟ್ಟಿಯಲ್ಲಿ, ಕಂಪ್ಯೂಟರ್ ಎನ್ನುವ ಸಾಲಿನ ಕೆಳಗೆ, 'ಯುನಿಪ್ರೊಸೆಸರ್' ಎಂದಿತ್ತು. ಒಂದೇ ಎಂದು ಅದರ ಅರ್ಥ. ಅದೇ ಪುಟದಲ್ಲಿ ವಿಂಡೋಸ್ ಹಾಕಿದ ತಾರೀಖು ನೋಡುವುದು ಹೇಗೆಂದೂ ಇತ್ತು. ತಾರೀಖು 2002ರದ್ದು.

ಹೊಸ ಕಂಪ್ಯೂಟರಿನಲ್ಲಿ ಏಳು ವರ್ಷದ ಹಳೆಯ ತಾರೀಖು.

ಹಾಳೆ ಹಿಡಿದುಕೊಂಡು ಒಳಗೆ ಹೋದೆ. ಇದರೊಳಗೆ ಹಾಕಿರುವುದು ಹಳೆಯ ಡಿಸ್ಕೇನು ಎಂದು ಕೇಳಿದೆ.

"ಪರಮಶಿವಯ್ಯ ಫೋನಲ್ಲಿ ಹೇಳಿದ್ದ" ಎಂದರು ಇವರು. "ಹಳೇ ಡಿಸ್ಕ್ ಬೇಡ ಈಶ್ವರಪ್ಪಾ, ಎಲ್ಲಾ ಹೊಸದಾಗಿ ಹಾಕ್ಬೇಕು ಅಂತ. ನಾನೇ ಹಳೇದೇ ಇರ್ಲಿ ಅಂದೆ."

ಯಾಕೆ ಎಂದೆ.

"ಅದರಲ್ಲಿ ಎಲ್ಲಾ ನಾನಿಟ್ಟ ಹಾಗೇ ಇದೆ ನಂದಾ. ಯಾವುದು ಎಲ್ಲಿದೆ ಅಂತ ಕಣ್ಮುಚ್ಚಿಕೊಂಡು ಹೇಳ್ತೀನಿ. ಹೊಸದಾಗಿ ಹಾಕಿದ್ರೆ ಇಲ್ಲಿ ಮಲಗಿದ್ದು ನಾನು ಏನು ಹೇಳಿಕೊಡ್ಲಿ ನಿನಗೆ?"

ನನಗೆ ಸಿಟ್ಟು ಬಂತು. ಅದನ್ನು ಇಲ್ಲಿ ಬರೆಯದೆ ಇರಬಾರದು. ನಾನು ಅಷ್ಟು ಜನರ ಮುಂದೆ ಒಬ್ಬ ದೊಡ್ಡವರನ್ನು ಕಳ್ಳ ಎಂದು ಬಂದಾಗಲೂ ಬಾಯಿ ಬಿಡಲಿಲ್ಲವಲ್ಲ ಎಂದೆ. ಅವತ್ತೇ ಹೇಳಬೇಕಿತ್ತು, ಹೇಗೆ ಹೇಳುವುದೆಂದು ತಿಳಿಯಲಿಲ್ಲ, ದಿನ ಹೋದಷ್ಟೂ ಕಷ್ಟವಾಯಿತು ಎಂದರು. ಊಟ ಬಡಿಸಿಟ್ಟು ಹೊರಗೆ ಬಂದೆ. ಸಂಜೆ ಕರೆಂಟು ಹೋದಾಗ ಹೋಗಿ ಪಕ್ಕದಲ್ಲಿ ಕೂತೆ. ಕೈ ಹಿಡಿದುಕೊಂಡರು. ಸೆಖೆ, ಬೀಸಣಿಗೆ ಹಾಕಿದೆ.

ಮೇ 24, ಭಾನುವಾರ

ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದೆಂದು ನಿನ್ನೆ ಹೇಳಿದೆ. ಇವರು ಏಳು ವರ್ಷದ ಜೋಡಣೆ ಹೋಗುತ್ತದೆ ಎಂದರು. ಅಕ್ಷರ ವಿನ್ಯಾಸ, ಹೂವು ಉದುರುವುದು, ಎರಡು ಹೃದಯ ಬಂದು ಸೇರುವುದು, ಎಲ್ಲ. ಬೇಕಾದದ್ದನ್ನು ಬೇರೆ ಡಿಸ್ಕಿಗೆ ತೆಗೆದಿಡುತ್ತೇನೆ ಎಂದೆ. ಹೃದಯ ಬೇಕಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ, ಬೇಡ ಬಿಡು ಎಂದರು.

ರಾತ್ರಿ ಫಿಲ್ಮನ್ನು ಎರಡು ಕಡೆ ನಕಲು ಮಾಡಿದೆ. ನಕಲು ಸರಿಯಾಗಿ ಆಗಿದೆಯೇ ಎಂದು ಎಲ್ಲ ಹೆಂಗಸರನ್ನೂ ಒಬ್ಬೊಬ್ಬರಾಗಿ ತೆರೆದು ನೋಡಿದೆ. ನಲವತ್ತೊಂದೂ ಇದ್ದರು. ಇವತ್ತು ಬೆಳಗ್ಗೆ ಎಂಟಕ್ಕೆ ಕರೆಂಟು ಬಂದ ತಕ್ಷಣ ವಿಂಡೋಸ್ ಸಿಡಿ ಹಾಕಿ, ಅಳಿಸಲೇ ಎಂದು ಅದು ಕೇಳಿದಾಗ ಕಣ್ಣು ಮುಚ್ಚಿ ಹೌದು ಒತ್ತಿದೆ.

ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುವ ಮೊದಲೇ ವಿಂಡೋಸ್, ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಹಾಕಿ ಮುಗಿಯಿತು. ಶಿವಗಂಗೆ ಹೋಗಿ ಹಸಿರು ಹುಲ್ಲಿನ ದಿಬ್ಬ ಬಂದಿತ್ತು. ಮೂರು ಗುಂಡಿ ಒಟ್ಟಿಗೆ ಒತ್ತಿ ಆ ಕಿಟಕಿ ತೆರೆದೆ.

ನಾಲ್ಕು ಚೌಕ.

"ರೀ" ಎಂದೆ. ನನ್ನ ದನಿಯಲ್ಲೇ ಗೊತ್ತಾಗಿರಬೇಕು. "ಬಂತಾ?" ಎಂದು ಒಳಗಿಂದ ಕೇಳಿದರು. ಪರದೆಯನ್ನು ಒಳಗೆ ತೆಗೆದುಕೊಂಡು ಹೋಗಲು ತಂತಿ ಸಾಲದು. ಹಾಗಾಗಿ ಕ್ಯಾಮೆರಾದಲ್ಲಿ ಚಿತ್ರ ತೆಗೆದುಕೊಂಡು ಹೋಗಿ ಮಂಚದ ಹತ್ತಿರ ತೋರಿಸಿದೆ. ಎರಡು ಸಲ ನೋಡಿದರು.

ಮಧ್ಯಾಹ್ನ ಮೂರಕ್ಕೆ ರೆಂಡರ್ ಹಾಕಿದೆ. ಹಿಡಿದದ್ದು ಮೂರು ಗಂಟೆ ಹದಿನೈದು ನಿಮಿಷ. ಆರೂವರೆಗೆ ಕರೆಂಟು ಹೋಗುವ ಹೊತ್ತಿಗೆ ಫಿಲ್ಮು ತಯಾರಾಗಿ ಕಾಲು ಗಂಟೆ ಆಗಿತ್ತು. ಕತ್ತಲಲ್ಲಿ ಕೂತು ಮುಸುರೆ ತಿಕ್ಕಿದೆ. ಇಷ್ಟು ಖುಷಿಯಾಗಿ ಪಾತ್ರೆ ತೊಳೆದದ್ದು ನೆನಪಿಲ್ಲ.

ಮೇ 25, ಸೋಮವಾರ

ಇವತ್ತು ಹೋಗಲೇಬೇಕಿತ್ತು. ಫೋನ್ ಮಾಡಿ ನಾನೇ ಹೇಳುತ್ತೇನೆ ಎಂದರು ಇವರು. ಮಾಡಿ, ಆದರೆ ಮಾತಾಡಿದವಳು ನಾನು, ನಾನೂ ಹೋಗುತ್ತೇನೆ ಎಂದೆ.

ಅಂಗಡಿಯಲ್ಲಿ ಮೂವರಿದ್ದರು. ಜನ ಕರಗಲಿ ಎಂದು ಹೊರಗೆ ಮೆಟ್ಟಿಲ ಹತ್ತಿರ ನಿಂತೆ. ನಿಂತ ಮೇಲೆ ನಾಚಿಕೆಯಾಯಿತು. ಬೈಯುವಾಗ ಜನ ಅಡ್ಡ ಬಂದಿರಲಿಲ್ಲವಲ್ಲ. ಒಳಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, ನೀವು ಕೊಟ್ಟದ್ದು ಸರಿಯಾಗಿಯೇ ಇತ್ತು, ತಪ್ಪು ನಮ್ಮ ಮನೆಯದು, ನಾನು ಹಾಗೆ ಅನ್ನಬಾರದಿತ್ತು ಎಂದೆ. ಮುಂದೆ ಏನೋ ಹೇಳಬೇಕೆಂದುಕೊಂಡಿದ್ದೆ, ಮರೆತುಹೋಯಿತು.

ಪರಮಶಿವಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಸ್ಟೂಲ್ ಎಳೆದು ಕೂರಿಸಿದರು. ಹಳೆಯ ಡಿಸ್ಕಿನ ವಿಷಯ ಗೊತ್ತಿದ್ದೂ ಅವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅವರು ಮಲಗಿದಾರೆ, ನೀವೊಬ್ರೇ ಓಡಾಡ್ತಿದೀರಿ. ಅವರದೇ ತಪ್ಪು ಅಂತ ನಾನು ಹೇಳಿ ಕಳಿಸಿದ್ರೆ ಮನೇಲಿ ಏನಾಗತ್ತೋ. ಅವರೇ ಹೇಳ್ಲಿ ಅಂತ ಬಿಟ್ಟೆ" ಎಂದರು. ಆಮೇಲೆ ತಲೆ ತಗ್ಗಿಸಿ, "ಆದ್ರೆ ನನಗೂ ಈ ಹನ್ನೆರಡು ದಿನ ಊಟ ಸೇರ್ಲಿಲ್ಲ ಅಮ್ಮಾ" ಎಂದರು.

ಟೀ ತರಿಸಿದರು, ಕುಡಿಯುತ್ತ ನಾನು ಕಂಡುಹಿಡಿದದ್ದನ್ನೆಲ್ಲ ಹೇಳಿದೆ.

ಎದ್ದು ಹೊರಡುವಾಗ, ಒಂದೇ ಎಂದು ಬರೆದಿರುವುದನ್ನು ನಾನು ಎಲ್ಲಿ ಕಂಡೆ ಎಂದು ಕೇಳಿದರು. ಈ ವರ್ಷ ಇನ್ನೂ ಮೂರು ಜನ ಹೀಗೇ ವಾಪಸ್ ತಂದಿದ್ದರಂತೆ. ಪರಮಶಿವಯ್ಯ ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟಿದ್ದರು, ಕಾರಣ ಮಾತ್ರ ತಿಳಿದಿರಲಿಲ್ಲ. ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ತೋರಿಸಿದೆ. ಬಿಲ್ ಪುಸ್ತಕದ ಹಿಂದೆ ಒಂದೊಂದೇ ಹೆಜ್ಜೆ ಬರೆದುಕೊಂಡರು, ನನ್ನಿಂದ ಎರಡು ಸಲ ಹೇಳಿಸಿ.

ಮೇ 29, ಶುಕ್ರವಾರ

ಅಂಬುಜಮ್ಮನವರು ಬೆಳಗ್ಗೆ ಫೋನ್ ಮಾಡಿದರು. ಮಲ್ಲೇಶ್ವರದ ರಂಗನಾಯಕಿ ಎಂಬ ಹಳೆಯ ಶಿಷ್ಯೆ ಬಂದಿದ್ದಾಳೆ, ಅರವತ್ತಮೂರರಲ್ಲಿ ಜಗಳವಾಡಿಕೊಂಡು ಬಿಟ್ಟುಹೋದವಳು ಇವತ್ತು ಬಾಗಿಲಲ್ಲಿ ನಿಂತಿದ್ದಾಳೆ, ಫಿಲ್ಮಿಗೆ ಸೇರಿಸಲು ಆಗುತ್ತದೆಯೇ ಎಂದು ಕೇಳಿದರು. ಆಗದಿದ್ದರೆ ಬೇಡ, ಇನ್ನು ಎರಡೇ ದಿನ ಎಂದು ತಾವೇ ಹೇಳಿದರು.

ಆಗುತ್ತದೆ, ಅಲ್ಲೇ ಕೂರಿಸಿಕೊಂಡಿರಿ, ಬರುತ್ತೇನೆ ಎಂದೆ. ಹೋಗಿ ತೆಗೆದುಕೊಂಡು ಬಂದು, ಸೇರಿಸಿ, ಮೂರರಿಂದ ರೆಂಡರ್ ಹಾಕಿ, ಕರೆಂಟು ಹೋಗುವುದರೊಳಗೆ ಮುಗಿಸಿದೆ. ನಡುವೆ ಇವರು, ರಂಗನಾಯಕಿಯವರ ಹೆಸರು ಯಾವ ಅಕ್ಷರ ವಿನ್ಯಾಸದಲ್ಲಿ ಹಾಕಿದೆ, ಅದನ್ನು ಈಗ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಹೇಳಿದೆ.

ಮೇ 31, ಭಾನುವಾರ

ಛತ್ರ ತುಂಬಿತ್ತು. ಇವರನ್ನು ಪಕ್ಕದ ಮನೆಯವರ ಹತ್ತಿರ ನೋಡಿಕೊಳ್ಳಲು ಹೇಳಿ ಹೋಗಿದ್ದೆ. ಅಂಬುಜಮ್ಮನವರು ಮೊದಲ ಸಾಲಿನಲ್ಲಿ, ಎಪ್ಪತ್ತೆಂಟು ವರ್ಷ, ಬೆನ್ನು ನೆಟ್ಟಗೆ. ನಾನು ಹಿಂದೆ ಪ್ರೊಜೆಕ್ಟರ್ ಪಕ್ಕ ನಿಂತೆ.

ಪ್ರತಿಯೊಬ್ಬರೂ ತಮ್ಮ ಹೆಸರು, ಸೇರಿದ ವರ್ಷ, ಮೊದಲು ಹೊಲಿದ ಬಟ್ಟೆ ಯಾವುದು ಎಂದು ಹೇಳುತ್ತಾರೆ. ಮೂರನೆಯವರು ಲಂಗ ಎಂದರು. ಕತ್ತಲಿನಿಂದ ಅಂಬುಜಮ್ಮನವರು, "ಲಂಗ ಅಲ್ಲ, ದಿಂಬಿನ ಚೀಲ" ಎಂದರು. ಜನ ನಕ್ಕದ್ದರಲ್ಲಿ ನಾಲ್ಕನೆಯವರ ಮಾತು ಕೇಳಲೇ ಇಲ್ಲ. ಎಗರದ ಹಾಗೆ ಅಷ್ಟು ಕಷ್ಟಪಟ್ಟು ಸರಿಮಾಡಿದ ಮಾತು! ಅಲ್ಲಿಂದ ಮುಂದೆ ಪ್ರತಿಯೊಬ್ಬರನ್ನೂ ತಿದ್ದಿದರು. ಐವತ್ತು ವರ್ಷದ ಬಟ್ಟೆಗಳು ಅವರಿಗೆ ನೆನಪಿವೆ.

ಕೊನೆಯವರು ರಂಗನಾಯಕಿ. "ನಾನು ಹೊಲಿದದ್ದು ತಂಗಿಗೆ ಫ್ರಾಕು. ಕುತ್ತಿಗೇಲಿ ತಲೆ ತೂರಲಿಲ್ಲ. ಟೀಚರ್ ಬಿಚ್ಚು ಅಂದ್ರು, ನಾನು ಬಿಚ್ಚಲಿಲ್ಲ, ಹೊರಟುಹೋದೆ" ಎಂದರು ಪರದೆಯ ಮೇಲೆ. ಎಲ್ಲರೂ ಅಂಬುಜಮ್ಮನವರ ದನಿಗೆ ಕಾದರು. ಅವರು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ರಂಗನಾಯಕಿಯವರ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡದ್ದು ಪ್ರೊಜೆಕ್ಟರಿನ ಬೆಳಕಲ್ಲಿ ನನಗೆ ಕಂಡಿತು.

ಮನೆಗೆ ಬಂದು ಇವರಿಗೆ ಮೊದಲಿನಿಂದ ಹೇಳಿದೆ. ಹೋಳಿಗೆ ಕಟ್ಟಿ ಕೊಟ್ಟಿದ್ದರು.

ಜೂನ್ 12, ಶುಕ್ರವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ. ಎರಡು ನಾಮಕರಣ ಒಪ್ಪಿಕೊಂಡೆ, ಒಂದು ಮದುವೆ ಬೇಡ ಎಂದೆ. ಅದೇ ದಿನ ಅಂಬುಜಮ್ಮನವರ ಹೊಸ ತರಗತಿಯ ವಿಡಿಯೋ ತೆಗೆಯಬೇಕು.

ಈಶ್ವರ್ ಈಗ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಾರೆ. ನಿಲ್ಲಬಹುದು, ಕೂರುವುದು ಕಾಲು ಗಂಟೆ ಮಾತ್ರ. ನಿಂತು ಮಾಡುವ ಕೆಲಸ ಎಂದು ಅಡುಗೆಮನೆಗೆ ಹೋಗಿದ್ದಾರೆ. ಉಪ್ಪಿಟ್ಟು ಮೊದಲ ದಿನ ಗಂಜಿಯಾಗಿತ್ತು, ಇವತ್ತು ಚೆನ್ನಾಗಿತ್ತು.

ಮಧ್ಯಾಹ್ನ ಪರಮಶಿವಯ್ಯನವರ ಫೋನ್ ಬಂತು. ಈಶ್ವರ್ ಎತ್ತಿ ಎರಡು ಮಾತಾಡಿ, ನಿನಗೇ ಅಂತೆ ಎಂದು ಕೊಟ್ಟರು. ಅವೆನ್ಯೂ ರಸ್ತೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎರಡು ಹೊಸ ಕಂಪ್ಯೂಟರ್, ಎರಡರಲ್ಲೂ ಒಂದೇ ಚೌಕ, ಬಂದು ನೋಡಲು ಆಗುತ್ತದೆಯೇ ಎಂದು ಕೇಳಿದರು. ನಾಳೆ ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದೇನೆ. ಸಿಡಿ, ಖಾಲಿ ಡಿಸ್ಕ್, ಸ್ಕ್ರೂಡ್ರೈವರ್ ಚೀಲದಲ್ಲಿ ಹಾಕಿಟ್ಟೆ.

ಸಂಜೆ ಈಶ್ವರ್ ಕಂಪ್ಯೂಟರ್ ಮುಂದೆ ಸ್ವಲ್ಪ ಹೊತ್ತು ಕೂತಿದ್ದರು. ನಾಮಕರಣದ ಟೇಪನ್ನು ತಾವೇ ಎಡಿಟ್ ಮಾಡುತ್ತಾರಂತೆ. ಐದೇ ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಎದ್ದರು. ನನ್ನ ಕುರ್ಚಿ ಅವರ ಬೆನ್ನಿಗೆ ಆಗುವುದಿಲ್ಲ. ನಾಳೆ ಬರುವಾಗ ಅವರಿಗೆ ಬೇರೆ ಕುರ್ಚಿ ಒಂದನ್ನು ನೋಡಬೇಕು. ಮೇಜು ಉದ್ದವಾಗಿದೆ, ನನ್ನದರ ಪಕ್ಕದಲ್ಲಿ ಹಿಡಿಸುತ್ತದೆ.